ಚೆಂಡು ಹಿಡಿದರೆ ಸಾಲದು, ವಾಪಸ್ ಬರಬೇಕು: ನಾಯಿ ಜೊತೆ ಫ್ಲೈಬಾಲ್ ಶುರು ಮಾಡುವ ಬಗೆ

ಮೊದಲ ದಿನ ನಮ್ಮ ನಾಯಿ ಕರಿಯ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಕಾರವಾರದ ಕಡಲತೀರ, ಬೆಳಗಿನ ಆರೂವರೆ. ಎರಡು ಪೈಪು ಅಡ್ಡ ಇಟ್ಟು ಮಾಡಿದ ಬೇಲಿ ಹಾರಿದ. ಆಚೆ ತುದಿಯಲ್ಲಿ ನಿಂತಿದ್ದ ಪಕ್ಕದ ಮನೆಯ ಹುಡುಗ ಬಿಟ್ಟ ಟೆನಿಸ್ ಚೆಂಡನ್ನು ಗಬಕ್ಕನೆ ಹಿಡಿದ. ನಾನು ಚಪ್ಪಾಳೆ ತಟ್ಟಿದೆ. ಅವನು ಒಮ್ಮೆ ನನ್ನ ಮುಖ ನೋಡಿದ, ಚೆಂಡನ್ನು ಬಾಯಲ್ಲಿಟ್ಟುಕೊಂಡೇ ದೋಣಿಗಳ ಕಡೆ ಓಟ ಕಿತ್ತ, ಬಲೆಯಿಂದ ಮೀನು ಬಿಡಿಸುತ್ತ ಕೂತವರ ನಡುವೆ ನುಗ್ಗಿದ, ಆಮೇಲೆ ಅರ್ಧ ಗಂಟೆ ಕೈಗೆ ಸಿಗಲಿಲ್ಲ. ಬೈಸಿಕೊಂಡದ್ದು ನಾನು.

ಫ್ಲೈಬಾಲ್ ಅಂದರೆ ನಾಯಿ ಚೆಂಡು ಹಿಡಿಯುವ ಆಟ ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲ. ಇದು ಕಬಡ್ಡಿ ತರಹ. ರೈಡರ್ ಹೋಗಿ ಎದುರಾಳಿಯನ್ನು ಮುಟ್ಟಿದರೆ ಏನೂ ಆಗಲಿಲ್ಲ, ಉಸಿರು ಬಿಡದೆ ನಡುಗೆರೆಗೆ ವಾಪಸ್ ಬಂದರೇ ಪಾಯಿಂಟ್. ಹೋಗುವುದನ್ನು ಯಾವ ನಾಯಿಗೂ ಕಲಿಸಬೇಕಾಗಿಲ್ಲ, ಚೆಂಡು ಕಂಡರೆ ಅದೇ ಹೋಗುತ್ತದೆ. ಕಲಿಸಬೇಕಾದದ್ದು ಬರುವುದನ್ನು. ಇದನ್ನು ಉಲ್ಟಾ ಮಾಡಿ ನಾವು ಎರಡು ತಿಂಗಳು ಹಾಳು ಮಾಡಿಕೊಂಡೆವು. ನೀವು ಮಾಡಿಕೊಳ್ಳಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಆಟ ಹೇಗಿರುತ್ತದೆ

ಒಂದು ತಂಡದಲ್ಲಿ ನಾಲ್ಕು ನಾಯಿ. ಪಕ್ಕಪಕ್ಕದ ಎರಡು ಸಾಲಿನಲ್ಲಿ ಎರಡು ತಂಡ ಒಟ್ಟಿಗೆ ಓಡುತ್ತವೆ. ಶುರುವಿನ ಗೆರೆಯಿಂದ ಆರು ಅಡಿಗೆ ಮೊದಲ ಬೇಲಿ, ಆಮೇಲೆ ಹತ್ತತ್ತು ಅಡಿಗೆ ಒಂದರಂತೆ ಇನ್ನೂ ಮೂರು, ಕೊನೆಯ ಬೇಲಿಯಿಂದ ಹದಿನೈದು ಅಡಿ ಆಚೆ ಒಂದು ಪೆಟ್ಟಿಗೆ. ಒಟ್ಟು 51 ಅಡಿ. ನಾಯಿ ನಾಲ್ಕೂ ಬೇಲಿ ಹಾರಿ ಹೋಗಿ ಪೆಟ್ಟಿಗೆಯ ಇಳಿಜಾರು ಮುಖವನ್ನು ಕಾಲಿನಿಂದ ಒತ್ತಬೇಕು. ಒಳಗಿನ ಸ್ಪ್ರಿಂಗ್ ಚೆಂಡನ್ನು ಹೊರಗೆ ಚಿಮ್ಮಿಸುತ್ತದೆ. ಅದನ್ನು ಕಚ್ಚಿಕೊಂಡು ಅದೇ ನಾಲ್ಕು ಬೇಲಿ ಹಾರಿ ವಾಪಸ್ ಬರಬೇಕು. ಗೆರೆ ದಾಟಿದ ಮೇಲೆ ಮುಂದಿನ ನಾಯಿ. ಚೆಂಡು ಬಿದ್ದುಹೋದರೆ, ಬೇಲಿ ತಪ್ಪಿಸಿದರೆ, ಮುಂದಿನ ನಾಯಿ ಅವಸರಪಟ್ಟು ಮೊದಲೇ ಗೆರೆ ದಾಟಿದರೆ, ತಪ್ಪು ಮಾಡಿದ ನಾಯಿ ಕೊನೆಯಲ್ಲಿ ಮತ್ತೆ ಓಡಬೇಕು. ಅಷ್ಟೇ ಆಟ.

ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, 1960ರ ದಶಕದ ಕೊನೆ ಮತ್ತು 70ರ ದಶಕದ ಶುರುವಿನಲ್ಲಿ. ಚೆಂಡು ಚಿಮ್ಮಿಸುವ ಮೊದಲ ಪೆಟ್ಟಿಗೆ ಮಾಡಿದವರು ಹರ್ಬರ್ಟ್ ವ್ಯಾಗ್ನರ್ ಅನ್ನುತ್ತಾರೆ. ಅವರು ಅದನ್ನು ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮದಲ್ಲಿ ತೋರಿಸಿದ ಮೇಲೆ ಜನಕ್ಕೆ ಗೊತ್ತಾಯಿತು. 1984ರಲ್ಲಿ ನಾರ್ತ್ ಅಮೆರಿಕನ್ ಫ್ಲೈಬಾಲ್ ಅಸೋಸಿಯೇಷನ್ ಶುರುವಾಯಿತು, 1994ರಲ್ಲಿ ಬ್ರಿಟನ್ನಿನದು. ಜಗತ್ತಿನ ಅತಿ ವೇಗದ ತಂಡಗಳ ನಾಲ್ಕೂ ನಾಯಿಗಳು ಸೇರಿ 15 ಸೆಕೆಂಡಿನ ಒಳಗೆ ಮುಗಿಸುತ್ತವೆ. ಲೆಕ್ಕ ಹಾಕಿ ನೋಡಿ, ನಾಲ್ಕು ನಾಯಿ, 32 ಜಿಗಿತ, ನಾಲ್ಕು ಚೆಂಡು. ನಾವು ಅಷ್ಟರಲ್ಲಿ ಚಪ್ಪಲಿ ಹುಡುಕಿಕೊಂಡಿರುವುದಿಲ್ಲ.

ಯಾವ ನಾಯಿ ಆಗುತ್ತದೆ

ಜಾತಿ ನಾಯಿಯೇ ಬೇಕಾಗಿಲ್ಲ. ಹೊರದೇಶಗಳಲ್ಲಿ ಬಾರ್ಡರ್ ಕೋಲಿ, ವಿಪ್ಪೆಟ್, ಜ್ಯಾಕ್ ರಸೆಲ್ ಜಾಸ್ತಿ ಕಾಣುತ್ತವೆ, ಆದರೆ ಮಿಶ್ರತಳಿಗೂ ಅಲ್ಲಿ ಅಷ್ಟೇ ಜಾಗ. ನಮ್ಮ ಕರಿಯ ಮೀನು ಮಾರ್ಕೆಟ್ ಹತ್ತಿರ ಸಿಕ್ಕ ಊರುನಾಯಿ. ಹಗುರ ಮೈ, ಬಿಸಿಲು ತಡೆಯುತ್ತಾನೆ, ತಲೆ ಚುರುಕು. ಕೋಡಿಬಾಗದ ಗೆಳೆಯನ ಲ್ಯಾಬ್ರಡಾರ್ ಚೆಂಡಿಗೆ ಪ್ರಾಣ ಬಿಡುತ್ತದೆ, ಆದರೆ ತೂಕ ಜಾಸ್ತಿ, ನಾಲ್ಕು ಓಟಕ್ಕೇ ಏದುಸಿರು. ಅಂಕೋಲಾದ ಇನ್ನೊಬ್ಬರದು ಮುಧೋಳ ಮಿಶ್ರತಳಿ. ನೇರ ಓಟದಲ್ಲಿ ಅದನ್ನು ಹಿಡಿಯುವವರೇ ಇಲ್ಲ, ತಿರುವು ಬಂದರೆ ಮಾತ್ರ ಮೀನು ಲಾರಿ ತಿರುಗಿಸಿದ ಹಾಗೆ ದೊಡ್ಡ ಸುತ್ತು.

ತಂಡಕ್ಕೆ ಒಂದು ಚಿಕ್ಕ ನಾಯಿ ಇದ್ದರೆ ಅದೃಷ್ಟ. ಯಾಕೆ ಅಂದರೆ ಬೇಲಿಯ ಎತ್ತರ ನಿರ್ಧಾರವಾಗುವುದು ತಂಡದ ಅತಿ ಗಿಡ್ಡ ನಾಯಿಯ ಅಳತೆಯಿಂದ. ಮೊದಲೆಲ್ಲ ಭುಜದ ಎತ್ತರ ಅಳೆಯುತ್ತಿದ್ದರು, ಈಗ ಮುಂಗಾಲಿನ ಎಲುಬಿನ ಉದ್ದ ಅಳೆಯುವ ಪದ್ಧತಿ ಬಂದಿದೆ. ಅಮೆರಿಕದ ನಿಯಮದಲ್ಲಿ ಬೇಲಿ 14 ಇಂಚಿಗಿಂತ ಎತ್ತರ ಇರುವುದಿಲ್ಲ, ಗಿಡ್ಡ ನಾಯಿ ಇದ್ದರೆ ಅದರ ಅರ್ಧಕ್ಕೂ ಇಳಿಯಬಹುದು. ಅಂದರೆ ಒಂದು ಪುಟಾಣಿ ನಾಯಿ ಉಳಿದ ಮೂರು ದಾಂಡಿಗರ ಕೆಲಸ ಹಗುರ ಮಾಡುತ್ತದೆ. ನಮ್ಮ ಪುಟಾಣಿ ಶಿರಸಿ ಕಡೆಯ ಒಂದು ಅಡಿಕೆ ತೋಟದ ಮನೆಯದು, ಹೆಸರು ಪುಟ್ಟಿ. ಅವಳಿಗೆ ತಾನು ಗಿಡ್ಡ ಅಂತ ಇನ್ನೂ ಯಾರೂ ಹೇಳಿಲ್ಲ.

ವಯಸ್ಸು ಮುಖ್ಯ. ಎಲುಬು ಬಲಿಯುವ ಮೊದಲು ಬೇಲಿ ಹಾರಿಸಬೇಡಿ. ಚಿಕ್ಕ ತಳಿಗೆ ಸುಮಾರು ಒಂದು ವರ್ಷ, ದೊಡ್ಡ ತಳಿಗೆ ಒಂದೂವರೆ ವರ್ಷ ಆಗಲಿ. ಅಲ್ಲಿಯವರೆಗೆ ನೆಲದ ಮೇಲಿನ ಆಟ, ಕರೆದರೆ ಬರುವುದು, ಹಗ್ಗ ಜಗ್ಗುವುದು, ಇಷ್ಟು ಬೇಕಾದಷ್ಟಾಯಿತು. ಶುರು ಮಾಡುವ ಮೊದಲು ಪಶು ವೈದ್ಯರ ಹತ್ತಿರ ಒಮ್ಮೆ ಸೊಂಟ, ಮೊಣಕಾಲು, ಹೃದಯ ನೋಡಿಸಿ. ರೇಬೀಸ್ ಲಸಿಕೆ ಆಗಿರದ ನಾಯಿಯನ್ನು ಬೇರೆ ನಾಯಿಗಳ ಗುಂಪಿಗೆ ತರಬೇಡಿ. ಇದರಲ್ಲಿ ಮುಲಾಜು ಬೇಡ, ಸ್ವಂತ ಭಾವನ ನಾಯಿಯಾದರೂ.

ಜಾಗ

51 ಅಡಿ ಅಂದರೆ ಕ್ರಿಕೆಟ್ ಪಿಚ್‌ಗಿಂತ 15 ಅಡಿ ಕಡಿಮೆ. ಆದರೆ ಗೆರೆಯ ಹಿಂದೆ ನಾಯಿ ವೇಗ ಹಿಡಿಯಲು, ವಾಪಸ್ ಬಂದದ್ದು ನಿಲ್ಲಲು ಇನ್ನೊಂದು 50 ಅಡಿ ಬೇಕು. ಒಟ್ಟು ನೂರಕ್ಕೂ ಜಾಸ್ತಿ ಅಡಿ ಉದ್ದ, ಒಂದು ಸಾಲಿಗೆ ಹತ್ತು ಹನ್ನೆರಡು ಅಡಿ ಅಗಲ ಇಟ್ಟುಕೊಳ್ಳಿ.

ಕರಾವಳಿಯವರಿಗೆ ಮೊದಲು ಕಣ್ಣಿಗೆ ಬೀಳುವುದು ಕಡಲತೀರ. ನಮಗೂ ಅದೇ. ಆದರೆ ಒಣ, ಸಡಿಲ ಮರಳಲ್ಲಿ ಓಡಿಸಿದರೆ ನಾಯಿಯ ಸ್ನಾಯುಗಳಿಗೆ ಪೆಟ್ಟು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಬಿಟ್ಟುಹೋಗುವ ಒದ್ದೆ ಗಟ್ಟಿ ಮರಳು, ಹುಡುಗರು ಕ್ರಿಕೆಟ್ ಆಡುತ್ತಾರಲ್ಲ, ಅದು ಸರಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಈ ಭಾನುವಾರ ಏಳಕ್ಕೆ ಸಿಕ್ಕ ಜಾಗ ಮುಂದಿನ ಭಾನುವಾರ ಏಳಕ್ಕೆ ನೀರಿನಡಿ ಇರಬಹುದು. ಮೀನುಗಾರರನ್ನು ಕೇಳಿ, ಅವರಿಗೆ ಬಾಯಿಪಾಠ.

ಬೇಲಿ ಇಡುವ ಮೊದಲು ಇಡೀ ಸಾಲನ್ನು ನಡೆದು ನೋಡಿ. ಗಾಜಿನ ಚೂರು, ಗಾಳ, ಬಲೆಯ ತುಂಡು ಎತ್ತಿ ಬಿಸಾಡಿ. ಇನ್ನೊಂದು ಹುಷಾರಿನ ಮಾತು. ಬಲೆಯಿಂದ ಎಸೆದ ಮೀನುಗಳಲ್ಲಿ ಕೆಲವೊಮ್ಮೆ ಬಲೂನಿನ ಹಾಗೆ ಉಬ್ಬುವ ಮೀನು ಇರುತ್ತದೆ. ಅದರ ವಿಷ ನಾಯಿಯನ್ನು ಕೊಲ್ಲಬಲ್ಲದು. ಹಾಗಾಗಿ ಬಿಡಿಸಿದ ಬಲೆಯ ಹತ್ತಿರ ನಾಯಿಯನ್ನು ಬಿಡಲೇಬೇಡಿ. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ನಮ್ಮ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಬಿದಿರು ಗೂಟ, ಬಲೆ ಕಟ್ಟಿ ಗೂಡು ಕಾಯುತ್ತಿರುವುದು ಕಂಡರೆ ಅಲ್ಲಿಂದ ದೂರ ಹೋಗಿ. ನಾಯಿ ಮೊಟ್ಟೆ ಬಗೆಯಲು ಎರಡು ನಿಮಿಷ ಸಾಕು.

ಹುಲ್ಲು ಇರುವ ಮೈದಾನ ಸಿಕ್ಕರೆ ಅದೇ ಒಳ್ಳೆಯದು. ಶಾಲೆ ಮೈದಾನವಾದರೆ ಹೆಡ್‌ಮಾಸ್ಟರರನ್ನು ಮೊದಲೇ ಕೇಳಿ, ಆಟ ಮುಗಿದ ಮೇಲೆ ನಾಯಿಯ ಕಕ್ಕ ಎತ್ತಿಕೊಂಡೇ ಬನ್ನಿ. ಎರಡನೇದನ್ನು ಮಾಡದಿದ್ದರೆ ಮೊದಲನೇದು ಮುಂದಿನ ಸಲ ಸಿಗುವುದಿಲ್ಲ. ಘಟ್ಟದ ಮೇಲಿನವರಿಗೆ ಅಂಗಳ ಇದೆಯಲ್ಲ ಅನ್ನಿಸಬಹುದು, ಆದರೆ ಕೊಯ್ಲಿನ ಕಾಲದಲ್ಲಿ ಅಂಗಳ ತುಂಬ ಅಡಿಕೆ, ನಾಯಿಗೆ ಜಾಗ ಎಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಏನೂ ಆಗುವುದಿಲ್ಲ. ಕಲ್ಯಾಣ ಮಂಟಪದ ಟೈಲ್ಸ್ ಮೇಲೆ ಓಡಿಸೋಣ ಅಂತ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಬೇಡ, ಜಾರಿದರೆ ಮೊಣಕಾಲಿನ ಕತೆ ಮುಗಿಯಿತು. ನಾವು ಮಾಡಿದ್ದು ಬೇರೆ. ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ನಾಲ್ಕು ತಂದು ಗೆಳೆಯನ ಗೋದಾಮಿನಲ್ಲಿ ಹಾಸಿದೆವು. ಎತ್ತುವಾಗ ನಮ್ಮ ಸೊಂಟ ಹೋಗುತ್ತದೆ, ನಾಯಿಯ ಕಾಲು ಉಳಿಯುತ್ತದೆ. ಮಳೆಗಾಲ ಪೂರ್ತಿ ಬರೀ ಪೆಟ್ಟಿಗೆ ತಿರುವು ಮತ್ತು ಒಂದು ಬೇಲಿ, ಅಷ್ಟೇ.

ಸಾಮಾನು

ಬೇಲಿಗೆ ಪಿವಿಸಿ ಪೈಪು ಮತ್ತು ತೆಳು ಪ್ಲಾಸ್ಟಿಕ್ ಹಾಳೆ ಸಾಕು. ಒಳಗಿನ ಅಗಲ 24 ಇಂಚು. ಮೇಲಿನ ಪಟ್ಟಿ ನಾಯಿಯ ಕಾಲು ತಾಗಿದ ಕೂಡಲೇ ಬೀಳುವ ಹಾಗೆ ಅಥವಾ ಬಾಗುವ ಹಾಗೆ ಇರಬೇಕು. ನಮ್ಮ ಶಿರಸಿ ಗೆಳೆಯರು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಚಂದದ ಬೇಲಿ ಮಾಡಿ ತಂದರು. ನೋಡಲು ಭಾರೀ ಚಂದ, ಮನೆಯ ದಣಪೆ (ಅಡ್ಡಗಳುಗಳ ಗೇಟು) ತರಹವೇ. ಆದರೆ ದಬ್ಬೆಗೆ ಸಿಬಿರು ಜಾಸ್ತಿ, ಬಾಗುವುದೂ ಇಲ್ಲ. ಒಂದೇ ದಿನಕ್ಕೆ ಅದು ಹೂವಿನ ಗಿಡಕ್ಕೆ ಆಸರೆಯಾಯಿತು.

ಚೆಂಡಿನ ವಿಷಯದಲ್ಲಿ ನಮ್ಮ ಕಡೆಯವರು ಒಂದು ತಪ್ಪು ಖಂಡಿತ ಮಾಡುತ್ತಾರೆ. ಅಂಗಡಿಯಲ್ಲಿ ಟೆನಿಸ್ ಬಾಲ್ ಕೇಳಿದರೆ ಕ್ರಿಕೆಟ್ ಟೂರ್ನಮೆಂಟಿಗೆ ಬಳಸುವ ಹೆವಿ ಬಾಲ್ ಕೊಡುತ್ತಾರೆ. ಅದು ಭಾರ, ಗಟ್ಟಿ, ಎದುರಿನಿಂದ ಬಂದರೆ ನಾಯಿಯ ಹಲ್ಲಿಗೆ ಪೆಟ್ಟು. ಲೈಟ್ ಬಾಲ್ ಅಂತ ಕೇಳಿ ತನ್ನಿ. ಪುಟ್ಟಿಯಂಥವರಿಗೆ ಇನ್ನೂ ಚಿಕ್ಕ ಚೆಂಡು ಬೇಕು. ಆಟ ಮುಗಿದ ಕೂಡಲೇ ಚೆಂಡು ಕಿತ್ತಿಟ್ಟುಕೊಳ್ಳಿ, ಮನೆಯಲ್ಲಿ ಅಗಿಯಲು ಬಿಟ್ಟರೆ ಅದರ ಒರಟು ನೂಲು ಹಲ್ಲು ಸವೆಸುತ್ತದೆ. ಸೀಳಿದ ಚೆಂಡು ಕಸಕ್ಕೆ.

ಪೆಟ್ಟಿಗೆಗೆ ಮೊದಲ ಮೂರು ತಿಂಗಳು ದುಡ್ಡು ಹಾಕಬೇಡಿ. ನಾನು ಎರಡನೇ ವಾರಕ್ಕೇ ಒಬ್ಬ ಬಡಗಿಯ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಸ್ಪ್ರಿಂಗ್ ಎಷ್ಟು ಬಿಗಿ ಅಂತ ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕರಿಯ ಕಾಲಿಟ್ಟ, ಚೆಂಡು ಕವಣೆಕಲ್ಲಿನ ಹಾಗೆ ಅವನ ಮೂಗಿಗೆ ಬಡಿಯಿತು. ಮೂರು ವಾರ ಅವನು ಆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ, ಮನೆಯಲ್ಲಿ ಟಿವಿ ಸ್ಟ್ಯಾಂಡ್ ಕಂಡರೂ ಸುತ್ತಿ ಹೋಗುತ್ತಿದ್ದ. ತಪ್ಪು ನನ್ನದೇ.

ಕಲಿಸುವ ಕ್ರಮ: ಕೊನೆಯಿಂದ ಮೊದಲಿಗೆ

ಮೊದಲ ವಾರ ಚೆಂಡೂ ಇಲ್ಲ, ಬೇಲಿಯೂ ಇಲ್ಲ. ಒಬ್ಬರು ನಾಯಿಯನ್ನು ಎದೆಪಟ್ಟಿ ಹಿಡಿದು ನಿಲ್ಲಿಸಿಕೊಳ್ಳಲಿ. ನೀವು ಅದಕ್ಕೆ ಇಷ್ಟದ ಆಟಿಕೆ ತೋರಿಸಿ, ಹೆಸರು ಕರೆಯುತ್ತ ಓಡಿ. ಹಿಂದೆ ತಿರುಗಿ ನಿಲ್ಲಬೇಡಿ, ಓಡುತ್ತಲೇ ಇರಿ. ನಾಯಿ ಜಗ್ಗಾಡಿ ಒದ್ದಾಡಿದಾಗ ಬಿಡಲಿ. ಅದು ನಿಮ್ಮನ್ನು ಹಿಡಿದ ಕೂಡಲೇ ಹಗ್ಗ ಜಗ್ಗಾಟ, ಹಬ್ಬ. ನಾಚಿಕೆ ಬೇಡ, ಕಡಲತೀರದಲ್ಲಿ ವಾಕಿಂಗ್ ಬಂದವರು ಎರಡು ದಿನ ನೋಡಿ ನಗುತ್ತಾರೆ, ಮೂರನೇ ದಿನ ಅವರೇ ನಾಯಿ ಹಿಡಿದುಕೊಳ್ಳಲು ಬರುತ್ತಾರೆ. ನಾಯಿಯ ತಲೆಯಲ್ಲಿ ಕೂರಬೇಕಾದದ್ದು ಒಂದೇ ಮಾತು: ಲೋಕದಲ್ಲಿ ಎಲ್ಲಕ್ಕಿಂತ ಮಜಾ ಇರುವುದು ಆ ಗೆರೆಯ ಆಚೆ, ನಮ್ಮ ಯಜಮಾನನ ಹತ್ತಿರ. ಇದು ಕೂತಿಲ್ಲ ಅಂದರೆ ಮುಂದಿನದು ಯಾವುದೂ ಬೇಡ.

ಹಗ್ಗ ಜಗ್ಗಲು ಮನಸ್ಸಿಲ್ಲದ ನಾಯಿಗೆ ತಿಂಡಿ. ಕರಾವಳಿಯಲ್ಲಿ ಎಲ್ಲರೂ ಒಣ ಸಿಗಡಿ ಹಿಡಿದು ಬರುತ್ತಾರೆ. ಅದರಲ್ಲಿ ಉಪ್ಪು ಜಾಸ್ತಿ, ಬೇಡ. ಉಪ್ಪಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು, ಬೇಯಿಸಿದ ಕೋಳಿ ಚೂರು ಸರಿ. ಶಿರಸಿಯ ಪುಟ್ಟಿಯ ಮನೆಯಲ್ಲಿ ಇದ್ಯಾವುದೂ ಒಲೆ ಹತ್ತುವುದಿಲ್ಲ, ಅವಳು ಓಡುವುದು ಬೇಯಿಸಿದ ಗೆಣಸಿಗೆ. ಗೆಣಸಿಗೆ ಅಷ್ಟು ಜೋರು ಓಡುವ ಇನ್ನೊಂದು ಜೀವ ನಾನು ನೋಡಿಲ್ಲ.

ಆಮೇಲೆ ಬೇಲಿ. ಶುರುವಿನ ಗೆರೆಗೆ ಹತ್ತಿರದ ಬೇಲಿ ಒಂದೇ ಇಡಿ, ಎತ್ತರ ನಾಲ್ಕೈದು ಇಂಚು ಸಾಕು. ನಾಯಿಯನ್ನು ಬೇಲಿಯ ಒಳಬದಿಯಲ್ಲಿ, ಅಂದರೆ ಪೆಟ್ಟಿಗೆಯ ಕಡೆ ನಿಲ್ಲಿಸಿ. ನೀವು ಗೆರೆಯ ಆಚೆಯಿಂದ ಕರೆದು ಓಡಿ. ಅದು ಒಂದು ಬೇಲಿ ಹಾರಿ ಮನೆಗೆ ಬಂತು. ಹತ್ತರಲ್ಲಿ ಹತ್ತು ಸಲ ಬಂದ ಮೇಲೆ ಎರಡನೇ ಬೇಲಿ, ಆಮೇಲೆ ಮೂರು, ಆಮೇಲೆ ನಾಲ್ಕು. ಹೀಗೆ ಹಿಂದಿನಿಂದ ಕಟ್ಟಿದರೆ ನಾಯಿ ಪ್ರತಿ ಸಲವೂ ಗೊತ್ತಿಲ್ಲದ ಜಾಗದಿಂದ ಗೊತ್ತಿರುವ ಜಾಗಕ್ಕೆ ಓಡುತ್ತದೆ, ಹತ್ತಿರವಾದಷ್ಟೂ ಜೋರು. ಬೇಲಿಯ ಪಕ್ಕದಿಂದ ನುಸುಳಿ ಬರುವ ಕಳ್ಳರಿಗೆ ಎರಡೂ ಬದಿಯಲ್ಲಿ ತಡೆ ಕಟ್ಟಿ, ಹಳೇ ಬಲೆಯ ತುಂಡಾದರೂ ಆಯಿತು. ಬೈಯಬೇಡಿ, ಸುಮ್ನೆ ವಾಪಸ್ ಕರೆದುಕೊಂಡು ಹೋಗಿ ಮತ್ತೆ ಬಿಡಿ, ಆ ಸಲ ಹಬ್ಬ ಇಲ್ಲ.

ಇದರ ಜೊತೆಜೊತೆಗೇ, ಬೇರೆ ಜಾಗದಲ್ಲಿ, ಪೆಟ್ಟಿಗೆಯ ತಿರುವು ಕಲಿಸಿ. ಇಡೀ ಆಟದಲ್ಲಿ ನಾಯಿಗೆ ಪೆಟ್ಟಾಗುವುದು ಜಾಸ್ತಿ ಇಲ್ಲೇ, ಅದಕ್ಕೇ ಇಲ್ಲಿ ಅವಸರ ಬೇಡ. ಕಲಿಯದ ನಾಯಿ ಏನು ಮಾಡುತ್ತದೆ? ಜೋರಾಗಿ ಬಂದು ಮುಂಗಾಲು ಎರಡನ್ನು ಪೆಟ್ಟಿಗೆಗೆ ಢಂ ಅಂತ ಬಡಿಯುತ್ತದೆ, ಚೆಂಡು ಹಿಡಿದು, ನೆಲದ ಮೇಲೆ ನಿಧಾನ ತಿರುಗುತ್ತದೆ. ಅಷ್ಟೂ ಹೊಡೆತ ಭುಜಕ್ಕೆ, ಮಣಿಕಟ್ಟಿಗೆ. ಸರಿಯಾದದ್ದು ಈಜುಗಾರನ ತಿರುವು. ಈಜುಕೊಳದ ಗೋಡೆಗೆ ಬಂದವನು ಹೇಗೆ ಮೈ ತಿರುಗಿಸಿ ಎರಡೂ ಕಾಲಲ್ಲಿ ಗೋಡೆ ಒದ್ದು ವಾಪಸ್ ಚಿಮ್ಮುತ್ತಾನೋ ಹಾಗೆ. ನಾಯಿ ಪಕ್ಕಕ್ಕೆ ತಿರುಗುತ್ತಲೇ ನಾಲ್ಕೂ ಕಾಲು ಪೆಟ್ಟಿಗೆಯ ಮೇಲಿಟ್ಟು ಒದ್ದು ಹೊರಡಬೇಕು.

ಮೊದಲು ನಿಮ್ಮ ನಾಯಿ ಎಡಚನೋ ಬಲಚನೋ ನೋಡಿ. ಮುಂದೆ ತಿಂಡಿ ಎಸೆದು ಅದು ತಿಂದು ಯಾವ ಕಡೆಯಿಂದ ತಿರುಗಿ ಬರುತ್ತದೆ ಅಂತ ಹತ್ತು ಸಲ ಎಣಿಸಿ. ಏಳೆಂಟು ಸಲ ಒಂದೇ ಕಡೆ ತಿರುಗುತ್ತದೆ, ಅದೇ ಅದರ ಕೈ. ಕರಿಯ ಎಡಚ. ಆಮೇಲೆ ಒಂದು ಪ್ಲೈವುಡ್ ಹಲಗೆಗೆ ರಬ್ಬರ್ ಮ್ಯಾಟ್ ಅಂಟಿಸಿ, ಗೋಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ಅಲುಗಾಡದ ಹಾಗೆ ನಿಲ್ಲಿಸಿ. ತಿಂಡಿಯಿಂದ ದಾರಿ ತೋರಿಸುತ್ತ ನಾಯಿಯನ್ನು ಅದರ ಮೇಲೆ ಹತ್ತಿಸಿ, ಅದರ ಕಡೆಯಿಂದಲೇ ತಿರುಗಿಸಿ ಇಳಿಸಿ. ಹಿಂಗಾಲೂ ಹಲಗೆಗೆ ತಾಗಿದರೆ ಮಾತ್ರ ತಿಂಡಿ. ಅದು ತಾನೇ ಹಾರಿ ಹತ್ತಲು ಶುರು ಮಾಡಿದ ಮೇಲೆ ಹಲಗೆಯ ಮುಂದೆ ಒಂದೂವರೆ ಎರಡು ಅಡಿಗೆ ಒಂದು ಗಿಡ್ಡ ಪಟ್ಟಿ ಅಡ್ಡ ಇಡಿ. ಪಟ್ಟಿ ದಾಟಲು ಅದು ಹಾರಲೇಬೇಕು, ಹಾರಿದಾಗ ನಾಲ್ಕೂ ಕಾಲು ತಾನಾಗಿ ಮೇಲೆ ಬರುತ್ತವೆ. ದಿನಕ್ಕೆ ಎಂಟು ಹತ್ತು ತಿರುವು, ಅದಕ್ಕಿಂತ ಜಾಸ್ತಿ ಬೇಡ. ತಿಂಗಳುಗಟ್ಟಲೆ ಇದನ್ನೇ ಮಾಡಿ, ಬೇಜಾರಾದರೆ ಬೇಜಾರು ನಿಮಗೆ ಮಾತ್ರ.

ತಿರುವು ಕೂತ ಮೇಲೆ ಹಲಗೆಯ ಮೇಲೆ ಚೆಂಡು. ಮೊದಲು ಅಂಟುಪಟ್ಟಿಯಿಂದ ಅಂಟಿಸಿದ, ಅಲ್ಲಾಡದ ಚೆಂಡು. ಕಿತ್ತುಕೊಂಡು ಬರಲಿ. ಅದು ಸಲೀಸಾದ ಮೇಲೆ ನಿಜವಾದ ಪೆಟ್ಟಿಗೆ, ಅದೂ ಸ್ಪ್ರಿಂಗ್ ಸಡಿಲ ಇಟ್ಟು. ಕೊನೆಗೆ ಎರಡನ್ನೂ ಕೂಡಿಸಿ: ಪೆಟ್ಟಿಗೆಯ ಹತ್ತಿರದಿಂದ ಬಿಟ್ಟು ತಿರುವು ಮತ್ತು ಒಂದು ಬೇಲಿ, ಆಮೇಲೆ ಎರಡು, ಹೀಗೆ. ಚೆಂಡನ್ನು ಗೆರೆ ದಾಟುವವರೆಗೆ ಬಾಯಲ್ಲೇ ಇಟ್ಟುಕೊಳ್ಳಬೇಕು. ನಿಮ್ಮ ಕೈಯಲ್ಲಿ ಹಗ್ಗ ಕಂಡ ಕೂಡಲೇ ಮಧ್ಯದಲ್ಲೇ ಉಗಿಯುವ ನಾಯಿಗಳಿವೆ. ಅಂಥವಕ್ಕೆ ಹಗ್ಗವನ್ನು ಬೆನ್ನ ಹಿಂದೆ ಮುಚ್ಚಿಡಿ, ಗೆರೆ ದಾಟಿದ ಮೇಲೆ ತೆಗೆಯಿರಿ.

ನಾಲ್ಕು ನಾಯಿ ಒಂದು ತಂಡ ಆಗುವುದು

ಒಂದೊಂದೇ ಓಡುವಾಗ ಎಲ್ಲ ದೇವರಂಥವು. ಎದುರಿನಿಂದ ಇನ್ನೊಂದು ನಾಯಿ ಬಾಯಲ್ಲಿ ಚೆಂಡು ಹಿಡಿದು ನುಗ್ಗಿ ಬರುವಾಗ ಅದರ ಪಕ್ಕದಲ್ಲೇ ಅಷ್ಟೇ ವೇಗದಲ್ಲಿ ಹೋಗಬೇಕಲ್ಲ, ಅಲ್ಲಿ ಬಣ್ಣ ಬಯಲಾಗುತ್ತದೆ. ಅಂಕೋಲಾದ ಮುಧೋಳಕ್ಕೆ ಎದುರು ಬಂದವರೆಲ್ಲ ಬೇಟೆ ಅನ್ನಿಸುತ್ತಿತ್ತು.

ಹಾಗಾಗಿ ಮೊದಲು ನಡಿಗೆ. ಎರಡು ನಾಯಿಗಳನ್ನು ಹಗ್ಗದಲ್ಲಿ ಹಿಡಿದು ಎದುರುಬದುರು ನಡೆಸಿ, ನಡುವೆ ಹತ್ತಡಿ ಅಂತರ, ದಿನದಿನಕ್ಕೆ ಕಡಿಮೆ ಮಾಡಿ. ಆಮೇಲೆ ನಡುವೆ ಬಲೆಯ ಬೇಲಿ ಕಟ್ಟಿ ಎರಡನ್ನೂ ಅವರವರ ಯಜಮಾನರ ಕಡೆ ಓಡಿಸಿ. ಒಂದು ಸಲ ಇನ್ನೊಂದರ ಕಡೆ ತಿರುಗಿ ಗುರ್ ಅಂದರೂ ಹಿಂದಿನ ಹೆಜ್ಜೆಗೆ ವಾಪಸ್. ಕಚ್ಚಾಡುವ ನಾಯಿಗೆ ಈ ಆಟ ಬೇಡ, ಬೇರೆ ಏನಾದರೂ ಆಡಿಸಿ. ಮುಧೋಳಕ್ಕೆ ನಾಲ್ಕು ತಿಂಗಳು ಹಿಡಿಯಿತು, ಈಗಲೂ ಅದನ್ನು ಕೊನೆಗೇ ಓಡಿಸುತ್ತೇವೆ. ಕೊನೆಯವನು ವಾಪಸ್ ಬರುವಾಗ ಎದುರಿಗೆ ಯಾರೂ ಬರುವುದಿಲ್ಲವಲ್ಲ.

ದಾಟುವ ಲೆಕ್ಕ ಹೀಗೆ. ಬರುವ ನಾಯಿಯ ಮೂತಿಯೂ ಹೋಗುವ ನಾಯಿಯ ಮೂತಿಯೂ ಗೆರೆಯ ಮೇಲೆಯೇ ಸೇರಬೇಕು. ಹಾಗೆ ಆಗಬೇಕಾದರೆ ಹೋಗುವ ನಾಯಿಯನ್ನು ಗೆರೆಯಿಂದ ಮೂವತ್ತು ನಲವತ್ತು ಅಡಿ ಹಿಂದಿನಿಂದಲೇ, ಎದುರಿನ ನಾಯಿ ಇನ್ನೂ ಒಳಗೆ ಬೇಲಿ ಹಾರುತ್ತಿರುವಾಗಲೇ ಬಿಡಬೇಕು. ಯಾವ ಬೇಲಿಯ ಹತ್ತಿರ ಬಂದಾಗ ಬಿಟ್ಟರೆ ಸರಿ ಅಂತ ಪ್ರತಿ ಜೋಡಿಗೂ ಬೇರೆ ಲೆಕ್ಕ. ಒಬ್ಬರು ಗೆರೆಯ ಪಕ್ಕ ಕೂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಲಿ. ನಮ್ಮ ಲ್ಯಾಬ್ ಹಿಂದಿನಿಂದ ಕರಿಯನನ್ನು ಬಿಡುವಾಗ ಲ್ಯಾಬ್ ಗೆರೆಯಿಂದ ಎರಡನೇ ಬೇಲಿ ಹಾರಬೇಕು, ಪುಟ್ಟಿಯ ಹಿಂದೆಯಾದರೆ ಇನ್ನೊಂಚೂರು ಕಾಯಬೇಕು. ಶುರುವಿನಲ್ಲಿ ಐದಾರು ಅಡಿ ತಡವಾದರೂ ಪರವಾಗಿಲ್ಲ. ಮೊದಲೇ ಬಿಟ್ಟು ಎರಡು ನಾಯಿ ಡಿಕ್ಕಿ ಹೊಡೆದುಕೊಳ್ಳುವುದು ಬೇಡ.

ಮನುಷ್ಯರೂ ಬೇಕು, ಮರೆಯಬೇಡಿ. ನಾಲ್ಕು ಯಜಮಾನರು, ಪೆಟ್ಟಿಗೆಗೆ ಚೆಂಡು ತುಂಬುವವರು ಒಬ್ಬರು, ಬಿದ್ದ ಬೇಲಿ ಎತ್ತಿ ಉರುಳಿದ ಚೆಂಡು ಹೆಕ್ಕುವವರು ಒಬ್ಬರು. ನಾಯಿ ಇಲ್ಲದವರು, ಸಾಕಲು ಮನೆಯಲ್ಲಿ ಬಿಡದವರು, ಇವರೆಲ್ಲ ಈ ಕೆಲಸಕ್ಕೆ ಓಡಿ ಬರುತ್ತಾರೆ. ನಮ್ಮ ಪೆಟ್ಟಿಗೆಯವನು ಪಿಯುಸಿ ಹುಡುಗ, ಅವನ ಅಮ್ಮನಿಗೆ ನಾಯಿ ಅಂದರೆ ಆಗುವುದಿಲ್ಲ.

ವಾರವಾರ ಕಾರವಾರದವರು ಕಾರವಾರದಲ್ಲಿ, ಶಿರಸಿಯವರು ಶಿರಸಿಯಲ್ಲಿ ಅಭ್ಯಾಸ ಮಾಡುತ್ತೇವೆ. ತಿಂಗಳಿಗೊಮ್ಮೆ ನಡುವಿನ ಕುಮಟಾದಲ್ಲಿ ಸೇರುತ್ತೇವೆ. ದೇವಿಮನೆ ಘಟ್ಟ ಇಳಿದು ಬರುವ ನಾಯಿಗೆ ಹೊರಡುವ ಮೊದಲು ಹೊಟ್ಟೆ ತುಂಬ ಹಾಕಬೇಡಿ. ಪುಟ್ಟಿ ಒಮ್ಮೆ ಗೆಣಸು ತಿಂದು ಹೊರಟಿದ್ದಳು. ಕಾರಿನ ಸೀಟು ತೊಳೆದದ್ದು ಇನ್ನೂ ನೆನಪಿದೆ.

ಬಿಸಿಲು, ಉಣುಗು, ಹೊಟ್ಟೆ

ನಮ್ಮಲ್ಲಿ ಬಿಸಿಲಿಗಿಂತ ಸೆಕೆಯೇ ದೊಡ್ಡ ಶತ್ರು. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ನಾಲಿಗೆ ಚಾಚಿ ಉಸಿರಾಡುವುದರಿಂದ. ಗಾಳಿಯಲ್ಲೇ ನೀರು ತುಂಬಿದ್ದರೆ ಅದು ಸರಿಯಾಗಿ ಆಗುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ನಾವು ಬೆಳಗ್ಗೆ ಆರಕ್ಕೆ ಶುರು, ಎಂಟಕ್ಕೆ ಬಂದ್. ನಾಲಿಗೆ ಅಗಲವಾಗಿ ಜೋತುಬಿದ್ದರೆ, ಜೊಲ್ಲು ಅಂಟಾದರೆ, ವಸಡು ಇಟ್ಟಿಗೆ ಕೆಂಪಾದರೆ, ನಡಿಗೆ ತಡವರಿಸಿದರೆ ತಕ್ಷಣ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಸೆಕೆಯನ್ನು ಒಳಗೇ ಹಿಡಿದಿಡುತ್ತದೆ. ಸ್ವಲ್ಪ ತಣ್ಣಗಾದ ಮೇಲೆ ಪಶು ಆಸ್ಪತ್ರೆಗೆ ಓಡಿ, ಸುಧಾರಿಸಿಕೊಂಡ ಹಾಗೆ ಕಂಡರೂ ಸರಿ.

ಊಟ ಆದ ಎರಡು ಗಂಟೆ ಓಟ ಬೇಡ. ದೊಡ್ಡ ನಾಯಿಗೆ ಹೊಟ್ಟೆ ಉಬ್ಬರಿಸಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ನೀರು ಪದೇ ಪದೇ ಸ್ವಲ್ಪ ಸ್ವಲ್ಪ. ಶುರುವಿಗೆ ಹತ್ತು ನಿಮಿಷ ನಡಿಗೆ, ಸಣ್ಣ ಓಟ, ಮುಗಿದ ಮೇಲೂ ಹತ್ತು ನಿಮಿಷ ನಡಿಗೆ. ಮಾರನೇ ದಿನ ಕುಂಟಿದರೆ ಎರಡು ವಾರ ರಜೆ. ಉಗುರು ಕತ್ತರಿಸಿಡಿ, ಪೆಟ್ಟಿಗೆಗೆ ಸಿಕ್ಕಿ ಕಿತ್ತುಬರುವುದು ಅಂಗಾಲಿನ ಮೇಲ್ಗಡೆ ಒಳಬದಿಯ ಉಗುರು.

ಘಟ್ಟದ ಮೇಲೆ ಹುಲ್ಲಲ್ಲಿ ಆಡಿಸಿದ ಮೇಲೆ ಕಿವಿ, ಬೆರಳ ಸಂದು, ಬಾಲದ ಬುಡ ನೋಡಿ. ಮಳೆ ಕಾಲದಲ್ಲಿ ಉಂಬಳ (ಜಿಗಣೆ), ಉಳಿದ ಕಾಲದಲ್ಲಿ ಉಣುಗು, ಅಂದರೆ ಉಣ್ಣೆ ಹುಳ. ಉಂಬಳ ರಕ್ತ ಕುಡಿದು ಹೋಗುತ್ತದೆ, ಉಣುಗು ಹಾಗಲ್ಲ. ನಾಯಿಗೆ ಅದರಿಂದ ಉಣ್ಣೆ ಜ್ವರ ಬರುತ್ತದೆ, ನಮಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಕಂಡ ಕಾಯಿಲೆ ಅದು, ಸಿದ್ದಾಪುರದವರಿಗೆ ಹೇಳಬೇಕಾಗಿಲ್ಲ. ಕಾಡಂಚಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಓಡಿಸಬೇಡಿ, ತಿಂಗಳಿಗೊಮ್ಮೆ ವೈದ್ಯರು ಹೇಳಿದ ಉಣುಗಿನ ಔಷಧ ತಪ್ಪಿಸಬೇಡಿ.

ಮೊದಲ ಪಂದ್ಯ

ಎರಡು ತಂಡ ಆಗುವವರೆಗೆ ಕಾಯಬೇಡಿ. ಒಂದೇ ಸಾಲು ಹಾಕಿ, ಗಡಿಯಾರದ ಎದುರು ಓಡಿ. ಸಮಯ ಬರೆದಿಡಿ, ಜೊತೆಗೆ ಎಷ್ಟು ಚೆಂಡು ಬಿತ್ತು, ಎಷ್ಟು ಬೇಲಿ ತಪ್ಪಿತು ಅಂತ. ನಾಯಿಗೆ ಒಂದು ಬೆಳಗ್ಗೆ ನಾಲ್ಕೈದು ಪೂರ್ತಿ ಓಟ ಸಾಕು. ಇನ್ನೂ ಬೇಕು ಅಂತ ಅದು ಬೊಗಳುತ್ತಿರುವಾಗಲೇ ನಿಲ್ಲಿಸಿ. ಬೊಗಳುತ್ತವೆ, ಕಿವಿ ಹರಿಯುವಷ್ಟು ಬೊಗಳುತ್ತವೆ, ಅದಕ್ಕೇ ಮನೆಗಳ ಹತ್ತಿರದ ಮೈದಾನ ಬೆಳಗಿನ ಆರಕ್ಕೆ ಬೇಡ.

ಹೋದ ಡಿಸೆಂಬರ್‌ನಲ್ಲಿ ಕುಮಟಾದಲ್ಲಿ ನಮ್ಮ ನಾಲ್ವರೂ ಮೊದಲ ಸಲ ತಪ್ಪಿಲ್ಲದೆ ಮುಗಿಸಿದರು. ಮೊದಲು ಪುಟ್ಟಿ, ಆಮೇಲೆ ಲ್ಯಾಬ್, ಆಮೇಲೆ ಕರಿಯ, ಕೊನೆಗೆ ಮುಧೋಳ. 41 ಸೆಕೆಂಡು. ಲ್ಯಾಬ್ ಒಂದೇ 14 ಸೆಕೆಂಡು ತಿಂದಿತು, ಮಧ್ಯದಲ್ಲಿ ನಿಂತು ಯಾರಿಗೋ ಬಾಲ ಅಲ್ಲಾಡಿಸಿತು. ಕರಿಯ ಚೆಂಡು ಹಿಡಿದು ತಿರುಗಿದಾಗ ಮೈದಾನದ ಆಚೆ ಬದಿಯಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬರು ಹೋಗುತ್ತಿದ್ದರು. ನನ್ನ ಎದೆ ಧಸಕ್ಕೆಂದಿತು. ಅವನು ಆ ಕಡೆ ಒಮ್ಮೆ ಮೂಗು ಎತ್ತಿದ, ನಾನು ಹೆಸರು ಕೂಗಿ ಹಿಂದೆ ತಿರುಗಿ ಓಡಿದೆ, ನಾಲ್ಕನೇ ಬೇಲಿ ಹಾರಿದ ಸದ್ದು ಬೆನ್ನ ಹಿಂದೆಯೇ ಕೇಳಿಸಿತು.